ಕರಿಪಾದೆ ಚಡಾವಿನ ದೊಡ್ಡ ಚಕ್ರ

ಶಿರ್ತಾಡಿಯಿಂದ ನಾರಾವಿಗೆ ಹೋಗುವ ದಾರಿಯಲ್ಲಿ ಎಡಗಡೆಗೆ ಒಂದು ಮಣ್ಣಿನ ರಸ್ತೆ ಒಡೆಯುತ್ತದೆ. ಸ್ವಲ್ಪ ದೂರ ಸಭ್ಯವಾಗಿ ಹೋಗಿ, ಒಂದು ಸಣ್ಣ ನೀರಿನ ತೋಡು ದಾಟಿದ್ದೇ ತಡ, ಯಾರ ಮೇಲೋ ಸಿಟ್ಟು ಬಂದ ಹಾಗೆ ನೆಟ್ಟಗೆ ಗುಡ್ಡೆ ಹತ್ತಲಿಕ್ಕೆ ಶುರು ಮಾಡುತ್ತದೆ. ಅದು ಕರಿಪಾದೆ ಚಡಾವು. ಅದರ ತುದಿಯಲ್ಲಿ ವೆಂಕಪ್ಪನ ಮನೆ. ಅಷ್ಟು ಎತ್ತರಕ್ಕೆ ಹೋಗಿ ಮನೆ ಕಟ್ಟಿದ ಹಿರಿಯರಿಗೆ ಏನು ತಲೆಬಿಸಿಯಾಗಿತ್ತೋ ಗೊತ್ತಿಲ್ಲ. ಆದರೆ ಮೊಮ್ಮಗ ಮೋಟಾರ್ ಸೈಕಲ್ಲು ತೆಗೆದುಕೊಂಡಾನು ಎಂದು ಅವರು ಕನಸಿನಲ್ಲೂ ಎಣಿಸಿರಲಿಕ್ಕಿಲ್ಲ.

ವೆಂಕಪ್ಪನ ಕಸುಬು ಪಂಪು ರಿಪೇರಿ. ತೋಟಕ್ಕೆ ನೀರು ಹಾಯಿಸುವ ಸೀಮೆಎಣ್ಣೆ ಪಂಪುಗಳು ಆ ಕಾಲದಲ್ಲಿ ಮನೆಮನೆಗೆ ಬಂದಿದ್ದವು, ಬಂದಷ್ಟೇ ಬೇಗ ಹಾಳಾಗುತ್ತಲೂ ಇದ್ದವು. ಮೂಡಬಿದಿರೆಯಿಂದ ಬೆಳ್ತಂಗಡಿಯವರೆಗೆ ಯಾರ ಪಂಪು ಕೆಮ್ಮಿದರೂ ವೆಂಕಪ್ಪನಿಗೆ ಹೇಳಿಕಳುಹಿಸುತ್ತಿದ್ದರು. ಬಸ್ಸು ಕಾದು, ಗೋಣಿಚೀಲದಲ್ಲಿ ಸ್ಪ್ಯಾನರು ಹೊತ್ತು ಸಾಕಾಗಿ, ಎಪ್ಪತ್ತೇಳನೇ ಇಸವಿಯಲ್ಲಿ ಅವನು ಎರಡು ಕೈ ದಾಟಿ ಬಂದ ಒಂದು ರಾಜದೂತ್ ಕೊಂಡ. ಕೊಂಡ ಮೇಲೆ ಅವನ ನಡಿಗೆಯೇ ಬದಲಾಯಿತು ಎನ್ನಬೇಕು. ಡಾಂಬರು ರಸ್ತೆ ಸಿಕ್ಕಿದರೆ ಸಾಕು, ಬೆಳ್ತಂಗಡಿಯ ಬಸ್ಸನ್ನು ಹಿಂದೆ ಹಾಕದೆ ಅವನಿಗೆ ಊಟ ಸೇರುತ್ತಿರಲಿಲ್ಲ. ಬಸ್ಸಿನ ಕಂಡಕ್ಟರನಿಗೂ ಅವನಿಗೂ ದಿನಾ ಇದೇ ಪಂದ್ಯ.

ಮರುವರ್ಷ ಮದುವೆಯಾಯಿತು. ಹುಡುಗಿ ನಾರಾವಿ ಕಡೆಯವಳು, ವಾರಿಜಾಕ್ಷಿ. ಬೀಡಿ ಕಟ್ಟುವುದರಲ್ಲಿ ಬೆರಳು ಚುರುಕು, ಮಾತಿನಲ್ಲಿ ನಾಲಿಗೆ ನಿಧಾನ. ಮಾತು ಬಾರದವಳೇನಲ್ಲ. ಆ ಮನೆಯಲ್ಲಿ ಮಾತಿನ ಗುತ್ತಿಗೆಯನ್ನು ವೆಂಕಪ್ಪನ ತಾಯಿ ಸರಸಕ್ಕ ಎಂದೋ ಹಿಡಿದಾಗಿತ್ತು, ಅಷ್ಟೇ. ಸರಸಕ್ಕ ಕೆಟ್ಟವಳು ಎಂದರೆ ಪಾಪ ಬಂದೀತು. ಸೊಸೆಯ ಬಟ್ಟಲಿಗೆ ಮೀನಿನ ಒಳ್ಳೆಯ ತುಂಡು ನೋಡಿ ಹಾಕುತ್ತಿದ್ದಳು, ಜ್ವರ ಬಂದರೆ ಕಷಾಯ ಕಾಸುತ್ತಿದ್ದಳು. ಆದರೆ ಬೆಳಗ್ಗೆ ಎದ್ದು ಒಲೆಗೆ ಬೆಂಕಿ ಹಾಕಿದಲ್ಲಿಂದ ಶುರುವಾದ ಬಾಯಿ ದೀಪ ಆರಿಸುವವರೆಗೆ ಮುಚ್ಚುತ್ತಿರಲಿಲ್ಲ. ಮಾತು ಮಾತ್ರವಲ್ಲ, ಲೆಕ್ಕಾಚಾರವೂ ಉಂಟು. ಸೊಸೆ ಅಂಗಳ ದಾಟಿದರೆ ಎಲ್ಲಿಗೆ, ಬಾವಿಕಟ್ಟೆಯಲ್ಲಿ ಇಷ್ಟು ಹೊತ್ತು ಎಂಥದು, ಯಾರ ಹತ್ತಿರ ಮಾತು. ವಾರಿಜಾಕ್ಷಿ ‘ಹ್ಞಾಂ ಅತ್ತೆ’, ‘ಆಯ್ತು ಅತ್ತೆ’ ಎಂದು ತಲೆ ತಗ್ಗಿಸಿ ಬೀಡಿ ಕಟ್ಟುತ್ತಿದ್ದಳು.

ವೆಂಕಪ್ಪನಿಗೆ ಹೆಂಡತಿ ಎಂದರೆ ಜೀವ. ಅದನ್ನು ಹೇಳಲಿಕ್ಕೆ ಮಾತ್ರ ಬರುತ್ತಿರಲಿಲ್ಲ. ಮೂಡಬಿದಿರೆಗೆ ಹೋದರೆ ಕ್ಲಿಪ್ಪೋ ಬಳೆಯೋ ತರುತ್ತಿದ್ದ, ತಂದು ಕಿಟಕಿಯ ದಳಿಯಲ್ಲಿಟ್ಟು ಓಡಿಹೋಗುತ್ತಿದ್ದ. ಅವನಿಗೆ ಒಂದೇ ಆಸೆ. ಇವಳು ಒಂದು ಸಲ ಬಾಯಿ ಬಿಟ್ಟು ನಗಬೇಕು. ಮದುವೆಯಾಗಿ ವರ್ಷವಾಗುತ್ತ ಬಂದರೂ ಅವಳ ನಗು ಹೇಗಿರುತ್ತದೆ ಎಂದು ಅವನಿಗೆ ಗೊತ್ತಿರಲಿಲ್ಲ. ಪಂಪಿನ ಒಳಗೆ ಯಾವ ವಾಷರು ಸವೆದಿದೆ ಎಂದು ಅಂಗಳದಲ್ಲಿ ನಿಂತೇ ಹೇಳುವ ಮನುಷ್ಯ ಪಕ್ಕದಲ್ಲೇ ಮಲಗುವ ಹೆಂಡತಿಯ ಒಳಗೆ ಏನುಂಟು ಎಂದು ಗೊತ್ತಾಗದೆ ಒದ್ದಾಡುತ್ತಿದ್ದ.

ಈಗ ಚಡಾವಿನ ವಿಷಯ. ವಾರಕ್ಕೆರಡು ಸಲ ವಾರಿಜಾಕ್ಷಿ ಕಟ್ಟಿದ ಬೀಡಿಯನ್ನು ಶಿರ್ತಾಡಿಯಲ್ಲಿದ್ದ ಬೀಡಿ ಕಂಪೆನಿಯ ಬ್ರಾಂಚಿಗೆ ಕೊಟ್ಟು ಎಲೆ, ಹೊಗೆಸೊಪ್ಪು ತರಬೇಕು. ಹೋಗುವಾಗ ಗಂಡ ಬಿಡುತ್ತಿದ್ದ, ಸಂಜೆ ಕೆಲಸ ಮುಗಿಸಿ ಬರುವಾಗ ಕರೆದುಕೊಂಡು ಬರುತ್ತಿದ್ದ. ಇಳಿಯುವುದೇನೋ ಸುಲಭ. ಹತ್ತುವಾಗ ಸ್ಪ್ಯಾನರಿನ ಚೀಲ, ಎಲೆಯ ಕಟ್ಟು, ಮೇಲೆ ಇಬ್ಬರು ಜನ ಎಂದರೆ ಆ ಗಾಡಿ ಅರ್ಧ ದಾರಿಯಲ್ಲಿ ಉಸಿರು ಬಿಟ್ಟು ನಿಲ್ಲುತ್ತಿತ್ತು. ತಪ್ಪು ಗಾಡಿಯದಲ್ಲ, ಚಡಾವಿನದು. ಹಾಗಾಗಿ ನಮ್ಮ ಕಡೆ ಇಂಥ ಚಡಾವುಗಳಿಗೆ ಒಂದು ಕ್ರಮವೇ ಇತ್ತು. ಚಡಾವಿನ ಬುಡ ಬಂದ ಕೂಡಲೇ ಹಿಂದೆ ಕೂತವರು ಹೇಳಿಸಿಕೊಳ್ಳದೆ ಇಳಿಯಬೇಕು, ಗಾಡಿ ಒಂದನೇ ಗೇರಿನಲ್ಲಿ ಬೊಬ್ಬೆ ಹೊಡೆಯುತ್ತ ಮೇಲೆ ಹೋಗಬೇಕು, ಇಳಿದವರು ನಡೆದು ಬಂದು ತುದಿಯಲ್ಲಿ ಪುನಃ ಹತ್ತಿಕೊಳ್ಳಬೇಕು. ಮದುಮಗಳಾದರೂ ಅಷ್ಟೇ, ನೆಂಟರಾದರೂ ಅಷ್ಟೇ.

ವಾರಿಜಾಕ್ಷಿ ತೋಡಿನ ಹತ್ತಿರ ಇಳಿದು ಸೆರಗು ಸಿಕ್ಕಿಸಿಕೊಂಡು ನಡೆಯುತ್ತಿದ್ದಳು. ವೆಂಕಪ್ಪ ಮೇಲೆ ಹೋಗಿ ಗೇರುಮರದ ಬುಡದಲ್ಲಿ ಗಾಡಿ ನಿಲ್ಲಿಸಿ ಕಾಯುತ್ತಿದ್ದ. ನಡುವೆ ರಸ್ತೆ ತಿರುಗುವಲ್ಲಿ ಒಂದೇ ಒಂದು ಮನೆ, ಸೈಕಲ್ಲಿನಲ್ಲಿ ಮೀನು ಮಾರುವ ಹನೀಫಾನದು. ಗೇರುಮರದಿಂದ ನೋಡಿದರೆ ಆ ತಿರುವು ಕಾಣುವುದಿಲ್ಲ. ಹೆಂಡತಿ ಬರುವುದು ತಡವಾಗುತ್ತಿತ್ತು. ಬೆವರು ಒರೆಸಿಕೊಳ್ಳುತ್ತ ಬರುವ ಅವಳನ್ನು ಕಂಡಾಗಲೆಲ್ಲ ವೆಂಕಪ್ಪ ತನ್ನನ್ನೇ ಬೈದುಕೊಳ್ಳುತ್ತಿದ್ದ. ಒಂದು ಸಂಜೆ ಹಾಗೆ ಕಾಯುತ್ತಿರುವಾಗ ಕೆಳಗಿನಿಂದ ಯಾರೋ ಹೆಂಗಸು ಗೊಳ್ಳೆಂದು ನಗುವುದು ಕೇಳಿಸಿತು. ನಕ್ಕು ನಕ್ಕು ಕೊನೆಗೆ ಉಸಿರು ಸಿಕ್ಕದೆ ಕೆಮ್ಮಿನಲ್ಲಿ ನಿಲ್ಲುವ ನಗು. ‘ಗೇರುಬೀಜ ಹೆಕ್ಕುವ ಹುಡುಗಿಯರು ಇರಬೇಕು, ಎಷ್ಟು ಸುಖವಾಗಿದ್ದಾರೆ’ ಎಂದುಕೊಂಡ. ತನ್ನ ಹೆಂಡತಿಗೂ ಹಾಗೆ ನಗುವ ಯೋಗ ಯಾವಾಗ ಬರುತ್ತದೋ ಎಂದು ನಿಟ್ಟುಸಿರು ಬಿಟ್ಟ.

ಅಷ್ಟರಲ್ಲಿ ತುಕ್ರಪ್ಪ ಸುಮ್ಮನಿರಲಿಲ್ಲ. ಕರಿಪಾದೆಯ ಕೆಳಗೆ ಗದ್ದೆ ಮಾಡಿಕೊಂಡಿದ್ದ ತುಕ್ರಪ್ಪನಿಗೆ ಊರಿನ ಎಲ್ಲರ ಸಂಸಾರದ ಚಿಂತೆ. ಒಂದು ದಿನ ಶಿರ್ತಾಡಿಯ ಚಾದಂಗಡಿಯಲ್ಲಿ ಹತ್ತು ಜನರ ಎದುರು ಕೇಳಿಯೇಬಿಟ್ಟ.

“ಅಲ್ಲ ವೆಂಕಪ್ಪ, ನಿನ್ನ ಗಾಡಿಯಲ್ಲಿ ಸ್ಪ್ಯಾನರಿಗೆ ಜಾಗ ಉಂಟು, ಹೆಂಡತಿಗೆ ಇಲ್ಲವಾ? ಪಾಪದ ಹುಡುಗಿ ಗುಡ್ಡೆ ಹತ್ತಿ ಹತ್ತಿ ಸಪೂರ ಆಗಿದ್ದಾಳೆ. ನೀನು ಮೇಲೆ ಕೂತು ಗಾಳಿ ತಿನ್ನುವುದು!”

ಎಲ್ಲರೂ ನಗಾಡಿದರು. ವೆಂಕಪ್ಪನೂ ನಗಾಡಿದ ಹಾಗೆ ಮಾಡಿದ. ಆದರೆ ಚಾವನ್ನು ಅರ್ಧಕ್ಕೇ ಬಿಟ್ಟು ಎದ್ದ. ಆ ದಿನವೇ ಗಾಡಿಯನ್ನು ಮೂಡಬಿದಿರೆಗೆ ತಿರುಗಿಸಿದ.

ಮೂಡಬಿದಿರೆಯಲ್ಲಿ ಅಬ್ದುಲ್ ಸಲಾಮನ ಗ್ಯಾರೇಜು. ಗ್ಯಾರೇಜು ಎಂದರೆ ಒಂದು ತಗಡಿನ ಮಾಡು, ಎಣ್ಣೆ ಕುಡಿದು ಕಪ್ಪಾದ ನೆಲ. ಸಲಾಂ ಬೇರೆ ಯಾರೂ ಅಲ್ಲ, ಚಡಾವಿನ ಹನೀಫಾನ ಹೆಂಡತಿ ನಬೀಸಾಳ ತಮ್ಮ. ವೆಂಕಪ್ಪ ಬಂದ ವಿಷಯ ಹೇಳಿದಾಗ ಅವನು ಕೈಬಟ್ಟೆಯಲ್ಲಿ ಬೆರಳು ಒರೆಸಿಕೊಳ್ಳುತ್ತ ಕೂತ.

“ನೋಡಿ ವೆಂಕಪ್ಪಣ್ಣ, ಚೈನು ಕೂತುಕೊಳ್ಳುವ ಹಲ್ಲಿನ ಚಕ್ರ ಎರಡು ಉಂಟಲ್ಲ, ಸ್ಪ್ರಾಕೆಟ್. ಇಂಜಿನಿನ ಹತ್ತಿರದ್ದು ಸಣ್ಣದು, ಹಿಂದಿನ ಟಯರಿನದ್ದು ದೊಡ್ಡದು. ಹಿಂದಿನದನ್ನು ಇನ್ನೂ ನಾಲ್ಕು ಹಲ್ಲು ದೊಡ್ಡದು ಮಾಡುವ. ಆಗ ಇಂಜಿನಿಗೆ ಭಾರ ಕಮ್ಮಿ, ಚಡಾವಿನಲ್ಲಿ ಕೋಣದ ಹಾಗೆ ಎಳೀತದೆ. ಇಬ್ಬರಲ್ಲ, ಮೂವರು ಕೂತರೂ ಎಳೀತದೆ.”

“ಹಾಗಾದರೆ ಹಾಕು ಮಾರಾಯ.”

“ತಾಳಿ. ಎಳೆಯುವುದೂ ಬೇಕು, ಓಡುವುದೂ ಬೇಕು ಅಂದ್ರೆ ಆಗ್ಲಿಕ್ಕಿಲ್ಲ. ಡಾಂಬರು ರಸ್ತೆಯಲ್ಲಿ ಇಂಜಿನು ಬೊಬ್ಬೆ ಹಾಕ್ತದೆ, ಗಾಡಿ ಓಡುವುದಿಲ್ಲ. ಪೆಟ್ರೋಲೂ ಜಾಸ್ತಿ. ಬೆಳ್ತಂಗಡಿ ಬಸ್ಸನ್ನು ಇನ್ನು ನೀವು ಹಿಂದೆ ಹಾಕಿದ ಹಾಗೆಯೇ.”

ವೆಂಕಪ್ಪ ಗಾಡಿಯ ಹ್ಯಾಂಡಲ್ ಸವರಿದ. ಬಸ್ಸಿನ ಕಂಡಕ್ಟರನ ಮುಖ ಕಣ್ಣೆದುರು ಬಂದು ಹೋಯಿತು. ಆಮೇಲೆ, “ಎಳೆಯುವುದೇ ಬೇಕು, ಹಾಕು” ಎಂದ.

ಆ ಅಳತೆಯ ಚಕ್ರ ಅಂಗಡಿಯಲ್ಲಿ ಸಿಗುವಂಥದ್ದಲ್ಲ. ಸಲಾಂ ಮಂಗಳೂರಿನ ಲೇತ್ ಯಂತ್ರದವನಿಗೆ ಹೇಳಿ ಮಾಡಿಸಿ ತರಿಸಿದ. ಚೈನಿಗೆ ಎರಡು ಕೊಂಡಿ ಸೇರಿಸಿ ಉದ್ದ ಮಾಡಿದ. ದೊಡ್ಡ ಚಕ್ರ ಚೈನ್ ಕವರಿನೊಳಗೆ ಹಿಡಿಯಲಿಲ್ಲ. ಕವರನ್ನು ಒಳಗಿನಿಂದ ಸುತ್ತಿಗೆಯಲ್ಲಿ ಬಡಿದು ಬಡಿದು ಉಬ್ಬಿಸಿದ. ಹೆಂಗಸು ಕೂತುಕೊಳ್ಳುವ ಗಾಡಿ, ಕವರಿಲ್ಲದಿದ್ದರೆ ಸೀರೆ ಸಿಕ್ಕಿಹಾಕಿಕೊಂಡೀತು ಎಂದು ಅವನ ಮುಂಜಾಗ್ರತೆ. ಹೀಗೆ ವೆಂಕಪ್ಪನ ಗಾಡಿಗೆ ಒಂದು ಸಣ್ಣ ಹೊಟ್ಟೆ ಬಂತು. “ಗಾಡಿಗೆ ಎಷ್ಟು ತಿಂಗಳು?” ಎಂದು ತುಕ್ರಪ್ಪ ಕೇಳದೆ ಬಿಡಲಿಲ್ಲ ಎಂದು ಬೇರೆ ಹೇಳಬೇಕಾಗಿಲ್ಲ.

ವೆಂಕಪ್ಪ ಹೆಂಡತಿಗೆ ಏನೂ ಹೇಳಲಿಲ್ಲ. ಬೀಡಿ ಕೊಡುವ ದಿನ ಸಂಜೆ ಎಲೆಯ ಕಟ್ಟು ಕಟ್ಟಿ, ಅವಳನ್ನು ಕೂರಿಸಿಕೊಂಡು ಬಂದ. ತೋಡು ದಾಟಿದ ಕೂಡಲೇ ವಾರಿಜಾಕ್ಷಿ ಇಳಿಯಲು ಸರಿದಳು.

“ಇಳಿಯುವುದು ಬೇಡ. ಗಟ್ಟಿ ಹಿಡಿದುಕೋ” ಎಂದ ವೆಂಕಪ್ಪ. ಆ ಮಾತನ್ನು ಎರಡು ದಿನದಿಂದ ಮನಸ್ಸಿನಲ್ಲೇ ಹೇಳಿಕೊಂಡು ನೋಡಿದ್ದ.

ಗಾಡಿ ಹತ್ತಿತು. ನಿಧಾನಕ್ಕೆ, ಆದರೆ ಒಂದು ಸಲವೂ ತಡವರಿಸದೆ ಹತ್ತಿತು. ತಿರುವಿನಲ್ಲಿ ಹನೀಫಾನ ಮನೆಯ ಅಂಗಳದ ತುದಿಗೆ ನಬೀಸಾ ಬಂದು ನಿಂತಿದ್ದಳು, ಕೈಯಲ್ಲಿ ನೀರಿನ ಚೆಂಬು. ವೆಂಕಪ್ಪ ಅವಳತ್ತ ನೋಡಿ ತಲೆಯಾಡಿಸಿದ, ರಾಜನ ಹಾಗೆ. ವಾರಿಜಾಕ್ಷಿ ಕತ್ತು ತಿರುಗಿಸಿ ಹಿಂದೆ ನೋಡಿದ್ದು, ತಿರುವು ಮರೆಯಾಗುವವರೆಗೆ ನೋಡುತ್ತಲೇ ಇದ್ದದ್ದು ಅವನಿಗೆ ಕಾಣಲಿಲ್ಲ. ಗಾಡಿ ಓಡಿಸುವವನಿಗೆ ಹಿಂದೆ ಕಣ್ಣಿಲ್ಲವಲ್ಲ.

ಮನೆಯ ಅಂಗಳದಲ್ಲಿ ನಿಲ್ಲಿಸಿ ಹೆಂಡತಿಯ ಮುಖ ನೋಡಿದ. ಒಂದು ಮಾತಿಗೆ ಕಾದ.

“ಇಷ್ಟು ಬೇಗ ಬಂದೆವಾ?” ಎಂದಳು ವಾರಿಜಾಕ್ಷಿ. ಎಲೆಯ ಕಟ್ಟು ಎತ್ತಿಕೊಂಡು ಒಳಗೆ ಹೋದಳು.

ಅದನ್ನು ಹೊಗಳಿಕೆ ಎಂದು ತಿಳಿದು ವೆಂಕಪ್ಪ ಆ ದಿನ ಎರಡು ತುತ್ತು ಹೆಚ್ಚು ಉಂಡ.

ಆಮೇಲಿನ ದಿನಗಳಲ್ಲಿ ಬಸ್ಸು ಅವನನ್ನು ಹಿಂದೆ ಹಾಕಿತು. ಕಂಡಕ್ಟರ್ ಬಾಗಿಲಲ್ಲಿ ಜೋತುಬಿದ್ದು, “ವೆಂಕಪ್ಪಣ್ಣ, ತಳ್ಳಬೇಕಾ?” ಎಂದು ಕೂಗಿದ. ವೆಂಕಪ್ಪ ಬೇಸರಪಡಲಿಲ್ಲ. ಹೆಂಡತಿಯ ಕಾಲು ನೋಯುವುದಿಲ್ಲವಲ್ಲ, ಅಷ್ಟು ಸಾಕು ಎಂದುಕೊಂಡ. ಬೇಸರವಾದದ್ದು ಬೇರೆ ವಿಷಯಕ್ಕೆ. ವಾರಿಜಾಕ್ಷಿ ದಿನದಿಂದ ದಿನಕ್ಕೆ ಇಂಗಿಹೋಗುತ್ತಿದ್ದಳು. ಮೊದಲು ‘ಹ್ಞಾಂ’ ಎನ್ನುತ್ತಿದ್ದಲ್ಲಿ ಈಗ ಬರೀ ತಲೆಯಾಡಿಸುತ್ತಿದ್ದಳು. ಬೀಡಿಯ ಮೊರ ತೊಡೆಯ ಮೇಲಿಟ್ಟು ಎಲೆ ಕತ್ತರಿಸುತ್ತ ಕತ್ತರಿಸುತ್ತ ಕೈ ನಿಲ್ಲಿಸಿ ಕೂತುಬಿಡುತ್ತಿದ್ದಳು. ಒಮ್ಮೆ ತೋಡಿನ ಹತ್ತಿರ, “ನಾನು ನಡೀತೇನೆ, ಗಾಡಿ ಹಾಳಾದರೆ ಕಷ್ಟ” ಎಂದಳು. “ಹಾಳಾಗುವುದಿಲ್ಲ, ನಿನಗೋಸ್ಕರವೇ ಮಾಡಿಸಿದ್ದು” ಎಂದು ವೆಂಕಪ್ಪ ಹೆಮ್ಮೆಯಿಂದ ಹೇಳಿ ಮೇಲೆ ಹತ್ತಿಸಿಯೇಬಿಟ್ಟ. ಕೊನೆಗೆ, “ಬೀಡಿ ನೀವೇ ಕೊಟ್ಟು ಬನ್ನಿ, ನನಗೆ ತಲೆ ತಿರುಗ್ತದೆ” ಎಂದು ಶಿರ್ತಾಡಿಗೆ ಬರುವುದನ್ನೇ ಬಿಟ್ಟಳು.

ವೆಂಕಪ್ಪ ಹೆದರಿದ. ಮೂಡಬಿದಿರೆಯ ಡಾಕ್ಟರರಿಗೆ ತೋರಿಸಿದ. ಅವರು ಕಣ್ಣಿನ ರೆಪ್ಪೆ ಎಳೆದು ನೋಡಿ, ರಕ್ತ ಸ್ವಲ್ಪ ಕಡಿಮೆ ಎಂದು ಕೆಂಪು ಟಾನಿಕ್ ಬರೆದುಕೊಟ್ಟರು. ವಾರಿಜಾಕ್ಷಿ ಟಾನಿಕ್ಕನ್ನೂ ‘ಆಯ್ತು’ ಎಂದು ಕುಡಿದಳು. ಸರಸಕ್ಕ ತನ್ನ ಕಷಾಯವನ್ನೂ ಕುಡಿಸಿದಳು. ಎರಡರಿಂದಲೂ ಏನೂ ಆಗಲಿಲ್ಲ. ತನ್ನನ್ನು ಕಟ್ಟಿಕೊಂಡು ಇವಳಿಗೆ ಸುಖವಿಲ್ಲವೇನೋ ಎಂಬ ಮಾತು ವೆಂಕಪ್ಪನ ತಲೆಯಲ್ಲಿ ಹೊಕ್ಕು ಕೂತಿತು. ಪಂಪು ಬಿಚ್ಚಿದರೆ ಜೋಡಿಸಲು ಮರೆಯುವಷ್ಟು ಮನಸ್ಸು ಕೆಟ್ಟಿತು.

ಚೈನು ಬಿಗಿ ಮಾಡಿಸಲು ಸಲಾಮನಲ್ಲಿಗೆ ಹೋದ ದಿನ ಅವನೇ ಮಾತು ತೆಗೆದ.

“ವೆಂಕಪ್ಪಣ್ಣ, ಒಂದು ಕೇಳ್ತೇನೆ, ತಪ್ಪು ತಿಳೀಬೇಡಿ. ವಾರಿಜಕ್ಕನಿಗೆ ನಮ್ಮ ನಬೀಸಾಕ್ಕನ ಮೇಲೆ ಎಂತ ಕೋಪ?”

“ಕೋಪವಾ? ಎಂಥದು ಮಾರಾಯ? ಅವರಿಗೆ ಪರಿಚಯ ಉಂಟಾ?”

ಸಲಾಂ ಕೈಯಲ್ಲಿದ್ದ ಸ್ಪ್ಯಾನರು ಕೆಳಗಿಟ್ಟ. “ಪರಿಚಯವಾ! ನಿಮಗೆ ಗೊತ್ತೇ ಇಲ್ಲವಾ? ಬೀಡಿ ಕೊಟ್ಟು ಬರುವ ದಿನ ಅಕ್ಕ ಸಂಜೆ ಅಂಗಳ ಗುಡಿಸಿ ಕಾಯ್ತಾಳೆ. ವಾರಿಜಕ್ಕ ನಡೆದು ಬಂದವರು ಅಲ್ಲಿ ಒಂದು ಚೆಂಬು ನೀರು ಕುಡಿದು, ಕಲ್ಲಿನ ಮೇಲೆ ಕೂತು, ಇಬ್ಬರೂ ಮಾತಾಡುವುದು. ಮಾತಾಡುವುದೆಂದರೆ ಎಂತ, ನಗಾಡಿ ನಗಾಡಿ ಸಾಯುವುದು. ಇಡೀ ಗುಡ್ಡೆಯಲ್ಲಿ ಅಕ್ಕನಿಗೂ ಬೇರೆ ಯಾರಿದ್ದಾರೆ? ಈಗ ವಾರಿಜಕ್ಕ ಗಾಡಿಯಲ್ಲಿ ಝುಂಯ್ ಅಂತ ಹೋಗ್ತಾರೆ, ತಿರುಗಿ ನೋಡ್ತಾರೆ, ನಿಲ್ಲುವುದಿಲ್ಲ. ಆಮೇಲೆ ಬರುವುದೇ ನಿಲ್ಲಿಸಿದರು. ‘ನಾನು ಎಂತ ತಪ್ಪು ಮಾಡಿದೆ ಕೇಳು’ ಅಂತ ಅಕ್ಕ ನನ್ನ ತಲೆ ತಿಂತಾಳೆ.” ಹೇಳುತ್ತ ಹೇಳುತ್ತ ಅವನೇ ಗಾಡಿಯ ಉಬ್ಬಿದ ಕವರನ್ನು ನೋಡಿದ. “ಯಾ ಅಲ್ಲಾ, ಇದು ನಾನೇ ಮಾಡಿದ್ದಲ್ಲವಾ!”

ವೆಂಕಪ್ಪನಿಗೆ ಗೇರುಮರದ ಬುಡದಲ್ಲಿ ನಿಂತು ಕೇಳಿದ ಆ ನಗು ನೆನಪಾಯಿತು. ಕೊನೆಗೆ ಕೆಮ್ಮಿನಲ್ಲಿ ನಿಂತ ನಗು. ಗೇರುಬೀಜದ ಹುಡುಗಿಯರದಲ್ಲ. ತನ್ನ ಹೆಂಡತಿಯದು. ಕೇಳಬೇಕೆಂದು ವರ್ಷವಿಡೀ ಹಂಬಲಿಸಿದ್ದನ್ನು ಕೇಳಿಯೂ ಗುರುತು ಹಿಡಿಯಲಿಲ್ಲ. ಅಷ್ಟು ಸಾಲದೆಂದು ಮಂಗಳೂರಿನಿಂದ ಕಬ್ಬಿಣ ತರಿಸಿ ಆ ನಗುವನ್ನು ನಿಲ್ಲಿಸಿದ್ದ. ಅವನಿಗೆ ಅಲ್ಲೇ ಗ್ಯಾರೇಜಿನಲ್ಲಿ ಕಣ್ಣು ತುಂಬಿಬಂತು. ಪೆಟ್ರೋಲಿನ ಹೊಗೆ ಎಂದು ತೋಳಿನಲ್ಲಿ ಒರೆಸಿಕೊಂಡ.

ಮೊದಲು ಅವನು ಸುಲಭದ ಉಪಾಯ ಮಾಡಿದ. ದೊಡ್ಡ ಚಕ್ರದ ಇನ್ನೊಂದು ಗುಣ ಏನೆಂದರೆ, ಚಡಾವಿನ ನಡುವೆ ನಿಲ್ಲಿಸಿದರೂ ಗಾಡಿ ಅಲ್ಲಿಂದಲೇ ಪುನಃ ಹೊರಡುತ್ತದೆ. ಮೊದಲಾಗಿದ್ದರೆ ನಡುವೆ ನಿಂತ ಗಾಡಿಯನ್ನು ಬುಡಕ್ಕೆ ಇಳಿಸಿ ಮತ್ತೆ ಓಟ ತೆಗೆಯಬೇಕಿತ್ತು. ಹೇಗೋ ಒತ್ತಾಯ ಮಾಡಿ ವಾರಿಜಾಕ್ಷಿಯನ್ನು ಶಿರ್ತಾಡಿಗೆ ಕರೆದುಕೊಂಡು ಹೋಗಿ, ಬರುವಾಗ ಹನೀಫಾನ ಅಂಗಳದೆದುರು ನಿಲ್ಲಿಸಿದ. “ಇಂಜಿನು ಬಿಸಿಯಾಗಿದೆ. ಐದು ನಿಮಿಷ ಕೂತು ಹೋಗುವ” ಎಂದ.

ನಬೀಸಾ ಓಡಿಬಂದಳು. ವೆಂಕಪ್ಪನನ್ನು ಕಂಡು ತಲೆಯ ಮೇಲಿನ ಬಟ್ಟೆ ಸರಿಮಾಡಿಕೊಂಡು ನಿಂತಳು. “ಅತ್ತೆ ಸೌಖ್ಯವಾ ವಾರಿಜಕ್ಕ?” ಎಂದಳು. “ಸೌಖ್ಯ. ಹನೀಫಾಣ್ಣ ಸೌಖ್ಯವಾ?” ಎಂದಳು ವಾರಿಜಾಕ್ಷಿ. “ಸೌಖ್ಯ” ಎಂದಳು ನಬೀಸಾ. ಮಾತು ಅಲ್ಲಿಗೆ ಮುಗಿಯಿತು. ಮೂವರೂ ಗಾಡಿಯನ್ನು ನೋಡುತ್ತ ನಿಂತರು. ಗಾಡಿಯಾದರೂ ಏನು ಮಾತಾಡೀತು?

ತಾನು ಎದುರಿಗಿದ್ದರೆ ಆಗುವಂಥದ್ದಲ್ಲ ಇದು ಎಂದು ವೆಂಕಪ್ಪನಿಗೆ ಅರ್ಥವಾಯಿತು. ‘ಹೋಗಿ ನಬೀಸಾಳ ಹತ್ತಿರ ಮಾತಾಡಿ ಬಾ’ ಎಂದು ಮನೆಯಿಂದ ಕಳುಹಿಸಿದರೋ, ಸರಸಕ್ಕನ ಲೆಕ್ಕಕ್ಕೆ ಬರುತ್ತದೆ. ಎಷ್ಟು ಹೊತ್ತು, ಯಾಕೆ, ಏನು ವಿಷಯ. ಆ ನಡಿಗೆಯಲ್ಲಿದ್ದ ಸುಖವೇ ಅದು ಯಾರೂ ಕೊಟ್ಟದ್ದಲ್ಲ ಎಂಬುದು. ಗಾಡಿ ಎಳೆಯುವುದಿಲ್ಲ, ಇಳಿದು ನಡೆಯಬೇಕು, ನಡೆದರೆ ತಡವಾಗುತ್ತದೆ. ಅದಕ್ಕೆ ಯಾರ ಅಪ್ಪಣೆಯೂ ಬೇಡ, ಯಾರಿಗೂ ಉತ್ತರವೂ ಬೇಡ.

ಮರುದಿನವೇ ಸಲಾಂ ಹಳೆಯ ಚಕ್ರ ಹಾಕಿಕೊಟ್ಟ, ಚೈನಿನ ಕೊಂಡಿ ಕಳಚಿ ಗಿಡ್ಡ ಮಾಡಿದ. ಕವರಿನ ಹೊಟ್ಟೆ ಮಾತ್ರ ಬಡಿದರೂ ಒಳಗೆ ಹೋಗಲಿಲ್ಲ. ಹಾಗೇ ಇರಲಿ ಎಂದ ವೆಂಕಪ್ಪ. ದೊಡ್ಡ ಚಕ್ರವನ್ನು ಗೋಣಿಯಲ್ಲಿ ಸುತ್ತಿ ತಂದು, ಮನೆಯ ಹಿಂದಿನ ಪಂಪಿನ ಕೊಟ್ಟಿಗೆಯಲ್ಲಿ ಹಳೆಯ ಬೆಲ್ಟುಗಳ ಹಿಂದೆ ಒಂದು ಮೊಳೆಗೆ ತೂಗುಹಾಕಿದ. ಆ ಕೊಟ್ಟಿಗೆಗೆ ಅವನಲ್ಲದೆ ಯಾರೂ ಕಾಲಿಡುತ್ತಿರಲಿಲ್ಲ ಎಂದು ಅವನ ನಂಬಿಕೆ.

ಮುಂದಿನ ಬೀಡಿಯ ದಿನ ತೋಡಿನ ಹತ್ತಿರ ಗಾಡಿ ನಿಲ್ಲಿಸಿ, ಹೆಂಡತಿಯ ಮುಖ ನೋಡದೆ ಹೇಳಿದ. “ಗಾಡಿ ಯಾಕೋ ಎಳೀತಾ ಇಲ್ಲ. ಸಲಾಮನ ಕೆಲಸ ಸರಿ ಆಗಲಿಲ್ಲ. ಸ್ವಲ್ಪ ನಡೀತೀಯಾ?”

ವಾರಿಜಾಕ್ಷಿ ಇಳಿದಳು. “ಆಯ್ತು” ಎಂದಳು. ಮೇಲಿನಿಂದ ತಿರುಗಿ ನೋಡಬಾರದು ಎಂದು ಮನಸ್ಸು ಗಟ್ಟಿಮಾಡಿಕೊಂಡು ವೆಂಕಪ್ಪ ಚಡಾವು ಹತ್ತಿದ.

ಗೇರುಮರದ ಬುಡದಲ್ಲಿ ಕೂತ. ಇಂಜಿನಿನ ಪ್ಲಗ್ಗು ಬಿಚ್ಚಿದ, ಒರೆಸಿದ, ಹಾಕಿದ. ಪುನಃ ಬಿಚ್ಚಿದ. ಕೆಳಗೆ ಎಲ್ಲಾ ಮೌನ. ಇನ್ನು ಆಗಲಿಕ್ಕಿಲ್ಲ, ಹಾಳಾದದ್ದು ಹಾಳಾಯಿತು ಎಂದು ಎದ್ದು ನಿಲ್ಲುವಷ್ಟರಲ್ಲಿ ತಿರುವಿನಿಂದ ಆ ನಗು ಎದ್ದು ಬಂತು. ಗೊಳ್ಳೆಂದು ಶುರುವಾಗಿ, ಏರಿ, ಉಸಿರು ಸಿಕ್ಕದೆ ಕೆಮ್ಮಿ, ಪುನಃ ಶುರುವಾದ ನಗು. ವೆಂಕಪ್ಪ ಕೈಯಲ್ಲಿ ಪ್ಲಗ್ಗು ಹಿಡಿದುಕೊಂಡು ಮರಕ್ಕೆ ಒರಗಿ ನಿಂತ. ಅವನ ಜನ್ಮದಲ್ಲಿ ಅಷ್ಟು ಸಂತೋಷ ಅವನಿಗೆ ಎಂದೂ ಆಗಿರಲಿಲ್ಲ.

ಅಲ್ಲಿಂದ ವರ್ಷಗಳು ಹೋದವು. ಬೆಳ್ತಂಗಡಿ ಬಸ್ಸು ಪುನಃ ಹಿಂದೆ ಬಿತ್ತು. ತುಕ್ರಪ್ಪನ ಬಾಯಿ ಪುನಃ ತೆರೆಯಿತು, “ಹೆಂಡತಿಯನ್ನು ನಡೆಸುವವ” ಎಂದು ಊರಿಡೀ ಹೇಳಿಕೊಂಡು ಬಂದ. ನಾರಾವಿಯ ಮಾವನ ಮನೆಯವರೂ ಒಮ್ಮೆ ಬೇಸರದಿಂದ ಕೇಳಿದರು. ವೆಂಕಪ್ಪ ಎಲ್ಲರಿಗೂ ಒಂದೇ ಉತ್ತರ ಕೊಟ್ಟ: “ಗಾಡಿ ಎಳೆಯುವುದಿಲ್ಲ, ಎಂತ ಮಾಡುವುದು?” ಮಗಳು ಲೋಲಾಕ್ಷಿ ಹುಟ್ಟಿದಳು, ಟ್ಯಾಂಕಿನ ಮೇಲೆ ಕೂರುವಷ್ಟಾದಳು, ಶಾಲೆಗೆ ಸೇರಿದಳು. ವಾರಿಜಾಕ್ಷಿ ಮನೆಯಲ್ಲಿ ಒಂದೆರಡು ಮಾತು ಹೆಚ್ಚು ಆಡತೊಡಗಿದಳು. ಟಾನಿಕ್ ಗುಣ ಕೊಟ್ಟಿತು ಎಂದು ವೆಂಕಪ್ಪ ಹೇಳಿದರೆ, ತನ್ನ ಕಷಾಯ ಎಂದು ಸರಸಕ್ಕ ಹೇಳಿದಳು. ವೆಂಕಪ್ಪನ ಪ್ಲಗ್ಗಿನಷ್ಟು ಸ್ವಚ್ಛವಾದ ಪ್ಲಗ್ಗು ಜಿಲ್ಲೆಯಲ್ಲೇ ಬೇರೆ ಇರಲಿಲ್ಲ.

ಎಂಬತ್ತೊಂಬತ್ತರಲ್ಲಿ ಹನೀಫಾ ಸೈಕಲ್ಲಿನ ತಿರುಗಾಟ ಬಿಟ್ಟು ದೂರದ ಮಾಣಿ ಎಂಬ ಊರಿನ ಜಂಕ್ಷನಿನಲ್ಲಿ ಮೀನಿನ ಅಂಗಡಿ ಹಾಕಿದ. ಸಂಸಾರ ಸಮೇತ ಅಲ್ಲಿಗೇ ಹೋದ. ಹೋಗುವ ದಿನ ನಬೀಸಾ ಮತ್ತು ವಾರಿಜಾಕ್ಷಿ ಅಂಗಳದ ಕಲ್ಲಿನ ಮೇಲೆ ಕೂತು ಏನು ಮಾತಾಡಿದರೋ ಯಾರಿಗೂ ಗೊತ್ತಿಲ್ಲ. ಗೇರುಮರದವರೆಗೆ ಆ ದಿನ ನಗು ಕೇಳಿಸಲಿಲ್ಲ.

ಮುಂದಿನ ಬೀಡಿಯ ದಿನ ವೆಂಕಪ್ಪ ಪ್ಲಗ್ಗು ಬಿಚ್ಚುವ ಮೊದಲೇ ವಾರಿಜಾಕ್ಷಿ ಮೇಲೆ ಬಂದು ನಿಂತಿದ್ದಳು. ಬೆವರಿದ್ದಳು, ಏದುಸಿರು ಬಿಡುತ್ತಿದ್ದಳು. ಮುಖದಲ್ಲಿ ಏನೂ ಇರಲಿಲ್ಲ. ವೆಂಕಪ್ಪನಿಗೆ ಹತ್ತು ವರ್ಷದ ಹಿಂದಿನ ಆ ಟಾನಿಕ್ಕಿನ ದಿನಗಳು ನೆನಪಾದವು. ಪ್ಲಗ್ಗಿನ ಸ್ಪ್ಯಾನರನ್ನು ಜೇಬಿಗೆ ಹಾಕಿ ಗಾಡಿ ಸ್ಟಾರ್ಟ್ ಮಾಡಿದ.

ಮನೆಗೆ ಬಂದ ಮೇಲೆ ಅವಳು ಎಲೆಯ ಕಟ್ಟನ್ನು ಜಗಲಿಯಲ್ಲಿಟ್ಟು ಅವನ ಹಿಂದೆಯೇ ಪಂಪಿನ ಕೊಟ್ಟಿಗೆಗೆ ಬಂದಳು.

“ನೋಡಿ, ಇನ್ನು ಆ ದೊಡ್ಡ ಚಕ್ರ ಹಾಕಿಸಿ. ನನ್ನ ಮೊಣಗಂಟು ನೋಯ್ತದೆ.”

“ಯಾವ ಚಕ್ರ?” ಎಂದ ವೆಂಕಪ್ಪ. ಅವನ ಸ್ವರ ಅವನಿಗೇ ಸುಳ್ಳು ಎಂದು ಕೇಳಿಸಿತು.

ವಾರಿಜಾಕ್ಷಿ ಬೆಲ್ಟುಗಳನ್ನು ಸರಿಸಿ ಮೊಳೆಯಿಂದ ಗಂಟು ಇಳಿಸಿದಳು. ಗೋಣಿಯಲ್ಲ, ಅವಳದೇ ಹಳೆಯ ಸೀರೆಯ ತುಂಡು. ಬಿಚ್ಚಿದಾಗ ಚಕ್ರ ಮೊನ್ನೆ ಲೇತಿನಿಂದ ಬಂದ ಹಾಗೆ ಮಿನುಗಿತು. ತೆಂಗಿನೆಣ್ಣೆಯ ವಾಸನೆ ಬಂತು. ಒಂದು ಹಲ್ಲಿನಲ್ಲೂ ತುಕ್ಕಿರಲಿಲ್ಲ.

“ನಮ್ಮ ಮಳೆಗೆ ಕಬ್ಬಿಣ ಉಳಿಯುತ್ತದಾ? ನೀವು ಗೋಣಿಯಲ್ಲಿ ಸುತ್ತಿ ಇಟ್ಟಿದ್ದಿರಿ” ಎಂದಳು, ಮಗುವಿಗೆ ಗದರುವ ಹಾಗೆ. “ಪ್ರತಿ ವರ್ಷ ಆಟಿ ತಿಂಗಳ ಮಳೆಯಲ್ಲಿ ಎಣ್ಣೆ ಹಚ್ಚಿದ್ದೇನೆ. ಒಂದು ದಿನ ಬೇಕಾದೀತು ಅಂತ.”

ವೆಂಕಪ್ಪ ಅಲ್ಲೇ ಒಂದು ಪಂಪಿನ ಮೇಲೆ ಕೂತುಬಿಟ್ಟ. “ನಿನಗೆ ಯಾವಾಗಿನಿಂದ ಗೊತ್ತು?”

“ಮೊದಲ ದಿನವೇ. ಗಾಡಿಯ ಹೊಟ್ಟೆ ಉಬ್ಬಿಯೇ ಉಂಟು, ಚಕ್ರ ಮಾತ್ರ ಇಲ್ಲಿ ಗೋಣಿಯಲ್ಲಿ ನೇತಾಡ್ತಾ ಉಂಟು. ನಾನೇನು ಕುರುಡಿಯಾ? ಮತ್ತೆ ಸಲಾಂ ಅಕ್ಕನಿಗೆ ಹೇಳದೆ ಇರ್ತಾನಾ?”

“ನೀನು ಒಂದು ಮಾತೂ ಹೇಳಲಿಲ್ಲ.”

“ನೀವು ಹೇಳಿದ್ದೀರಾ?” ವಾರಿಜಾಕ್ಷಿಯ ತುಟಿಯ ತುದಿಯಲ್ಲಿ ಏನೋ ಹುಟ್ಟುತ್ತಿತ್ತು. “ಮೇಲೆ ಕೂತು ಪ್ಲಗ್ಗು ಒರೆಸುವುದು, ಹಾಕುವುದು, ಪುನಃ ಬಿಚ್ಚುವುದು. ನಬೀಸಾ ಒಮ್ಮೆ ಪೊದೆಯ ಮರೆಯಿಂದ ಬಂದು ನೋಡಿದ್ದಾಳೆ. ಹತ್ತು ವರ್ಷ ನಾವು ನಗಾಡಿದ್ದು ಯಾರ ವಿಷಯ ಅಂತ ಎಣಿಸಿದ್ದೀರಿ?”

ಹೀಗೆ ಹೇಳಿ ಅವಳು ನಕ್ಕಳು. ಗೊಳ್ಳೆಂದು ನಕ್ಕು, ಉಸಿರು ಸಿಕ್ಕದೆ ಕೆಮ್ಮಿ, ಸೆರಗು ಬಾಯಿಗೆ ಒತ್ತಿಕೊಂಡಳು. ತಿರುವಿನ ಮರೆಯಿಂದಲ್ಲ, ಎದುರಿಗೆ, ಕೈಯಳತೆಯಲ್ಲಿ. ವೆಂಕಪ್ಪ ಬಾಯಿ ತೆರೆದುಕೊಂಡು ನೋಡುತ್ತಿದ್ದ.

ಸಲಾಂ ಚಕ್ರ ಹಾಕಿದ. ಕವರಿನ ಹೊಟ್ಟೆ ಹತ್ತು ವರ್ಷ ಅದಕ್ಕೇ ಕಾದಿದ್ದ ಹಾಗೆ ಸರಿಯಾಗಿ ಕೂತಿತು. ಬೀಡಿಯ ದಿನ ತೋಡು ದಾಟಿದಾಗ ವಾರಿಜಾಕ್ಷಿ ಇಳಿಯಲಿಲ್ಲ. ಗಂಡನ ಹೆಗಲು ಹಿಡಿದುಕೊಂಡಳು. ಗಾಡಿ ಕೋಣದ ಹಾಗೆ ಹತ್ತತೊಡಗಿತು. ತಿರುವಿನಲ್ಲಿ ಬಾಗಿಲು ಹಾಕಿದ ಮನೆ, ಗುಡಿಸದ ಅಂಗಳ, ಅದರ ತುದಿಯಲ್ಲಿ ಆ ಕಲ್ಲು.

“ಒಂದು ನಿಮಿಷ ನಿಲ್ಲಿಸಿ” ಎಂದಳು.

ವೆಂಕಪ್ಪ ನಿಲ್ಲಿಸಿದ. ಟಯರಿಗೆ ಒಂದು ಕಲ್ಲು ಅಡ್ಡ ಕೊಟ್ಟ. ಅವಳು ಅಂಗಳದ ಆ ಕಲ್ಲಿನ ಮೇಲೆ ಕೂತಳು. ಅವನು ಸ್ವಲ್ಪ ದೂರದಲ್ಲಿ ಏನು ಮಾಡಬೇಕೆಂದು ತಿಳಿಯದೆ ನಿಂತು, ಅಭ್ಯಾಸಬಲದಿಂದ ಜೇಬಿನಲ್ಲಿ ಪ್ಲಗ್ಗಿನ ಸ್ಪ್ಯಾನರು ಹುಡುಕಿದ.

“ಅದು ಸಾಕು ಮಾರಾಯರೇ, ಪಾಪ ಸವೆದುಹೋಗ್ತದೆ. ಇಲ್ಲಿ ಬಂದು ಕೂತುಕೊಳ್ಳಿ” ಎಂದು ಅವಳು ಸರಿದು ಜಾಗ ಮಾಡಿದಳು.

ಅವನು ಕೂತ. ವಾರಿಜಾಕ್ಷಿ ಮಾತಾಡತೊಡಗಿದಳು. ಬ್ರಾಂಚಿನವನು ಬೀಡಿ ಆರಿಸುವಾಗ ಮೂಗು ಎಳೆಯುವ ರೀತಿ, ಲೋಲಾಕ್ಷಿಯ ಟೀಚರಿನ ಹೊಸ ಕನ್ನಡಕ, ಅತ್ತೆ ಕೋಳಿಯ ಹತ್ತಿರವೂ ಲೆಕ್ಕ ಕೇಳಿದ್ದು, ತವರಿನ ಬಾವಿಗೆ ತಾನು ಸಣ್ಣವಳಿರುವಾಗ ಬಿದ್ದ ಕೊಡ. ಯಾವುದಕ್ಕೂ ತಲೆಬುಡವಿರಲಿಲ್ಲ. ವೆಂಕಪ್ಪ ಪಂಪಿನ ಸದ್ದು ಕೇಳುವಾಗ ಕೂರುವ ಹಾಗೆ ಕತ್ತು ಒಂದು ಬದಿಗೆ ವಾಲಿಸಿ ಕೇಳುತ್ತ ಕೂತ. ಬರುವ ಆದಿತ್ಯವಾರ ಮಾಣಿಗೆ ಹೋಗಿ ನಬೀಸಾಳನ್ನು ನೋಡಿ ಬರುವ ಎಂದು ಅವನು ಹೇಳಿದ. ಇದರಲ್ಲಿ ಹೋದರೆ ತಲುಪುವಾಗ ಸೋಮವಾರ ಆದೀತು ಎಂದು ಅವಳು ಹೇಳಿದಳು. ಈ ಸಲ ಇಬ್ಬರೂ ನಕ್ಕರು.

ಎದ್ದು ಹೊರಟಾಗ ಗಾಡಿ ಚಡಾವಿನ ನಡುವಿನಿಂದಲೇ ಇಬ್ಬರನ್ನೂ ಹೊತ್ತು ಹೊರಟಿತು. ಒಂದಿಷ್ಟೂ ಹಿಂದೆ ಜಾರಲಿಲ್ಲ.

ಅಂಗಳದಲ್ಲಿ ಸರಸಕ್ಕ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು. “ಗಾಡಿಯ ಸದ್ದು ಆಗಲೇ ತೋಡಿನ ಹತ್ತಿರ ಕೇಳಿತ್ತು. ಇಷ್ಟು ಹೊತ್ತು ಎಲ್ಲಿ ಹೋದದ್ದು?”

ವೆಂಕಪ್ಪ ಬಾಯಿ ತೆರೆಯುವ ಮೊದಲೇ ವಾರಿಜಾಕ್ಷಿ ಎಲೆಯ ಕಟ್ಟು ಇಳಿಸುತ್ತ ಹೇಳಿದಳು.

“ಎಂತ ಮಾಡುವುದು ಅತ್ತೆ, ಗಾಡಿ ಎಳೆಯುವುದಿಲ್ಲ.”